ಯಾದಗಿರಿ–ಶಹಾಪುರ–ಸುರಪುರ ವಲಯದ ಸಾರಿಗೆ: ಸಾರ್ವಜನಿಕ–ಖಾಸಗಿ ಸಹಭಾಗಿತ್ವ

ಯಾದಗಿರಿ, ಶಹಾಪುರ ಮತ್ತು ಸುರಪುರ ಕಲ್ಯಾಣ ಕರ್ನಾಟಕದ ಯಾದಗಿರಿ ಜಿಲ್ಲೆಯ ಮೂರು ಹಳೆಯ ತಾಲ್ಲೂಕು ಕೇಂದ್ರಗಳು. ಜಿಲ್ಲಾ ಕೇಂದ್ರ ಯಾದಗಿರಿಯಲ್ಲಿ ರೈಲು ನಿಲ್ದಾಣವಿದೆ. ಶಹಾಪುರ ಮತ್ತು ಸುರಪುರಕ್ಕೆ ಇನ್ನೂ ರೈಲು ಬಂದಿಲ್ಲ, ಆದರೆ ಜೇವರ್ಗಿಯಿಂದ ಲಿಂಗಸುಗೂರು, ಬಳ್ಳಾರಿ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ಈ ಎರಡು ಊರುಗಳನ್ನು ಹಾಯ್ದು ಹೋಗುತ್ತದೆ. ಯಾದಗಿರಿಗೂ ಈ ಎರಡು ಊರುಗಳಿಗೂ ನಡುವೆ ಭೀಮಾ ನದಿ ಹರಿಯುತ್ತದೆ. ಹೀಗಾಗಿ ಬಸ್ಸಿನಿಂದ ರೈಲಿಗೆ, ರೈಲಿನಿಂದ ಬಸ್ಸಿಗೆ, ಬಸ್ಸಿನಿಂದ ಮೂರು ಗಾಲಿಯ ಟಂಟಂಗೆ ಬದಲಾಯಿಸುತ್ತ ಹೋಗುವುದು ಇಲ್ಲಿನವರಿಗೆ ದಿನದ ಮಾತು. ಈ ಸಾಧನಗಳನ್ನು ಒಂದೇ ವ್ಯವಸ್ಥೆಯಾಗಿ ಹೆಣೆಯುವುದನ್ನು ಸಮಗ್ರ ಸಾರಿಗೆ ಎನ್ನುತ್ತಾರೆ. ಸರ್ಕಾರ ಮತ್ತು ಖಾಸಗಿಯವರು ಒಪ್ಪಂದದ ಮೂಲಕ ಬಂಡವಾಳ, ಕೆಲಸ ಮತ್ತು ನಷ್ಟದ ಹೊಣೆಯನ್ನು ಹಂಚಿಕೊಳ್ಳುವುದು ಸಾರ್ವಜನಿಕ–ಖಾಸಗಿ ಸಹಭಾಗಿತ್ವ. ಈ ವಲಯದಲ್ಲಿ ಅಂಥ ಸಹಭಾಗಿತ್ವಕ್ಕೆ ಒಂದೂವರೆ ಶತಮಾನದ ಇತಿಹಾಸವಿದೆ. ರೈಲು ಹಳಿ, ಹೆದ್ದಾರಿ ಮತ್ತು ಆಂಬುಲೆನ್ಸ್ ಸೇವೆ ಈ ದಾರಿಯಲ್ಲಿ ಜನರಿಗೆ ದಕ್ಕಿವೆ. ಒಂದು ಸಾಧನವನ್ನು ಇನ್ನೊಂದಕ್ಕೆ ಹೊಂದಿಸುವ ಕೆಲಸವನ್ನು ಮಾತ್ರ ಯಾವ ಒಪ್ಪಂದವೂ ಇದುವರೆಗೆ ಯಾರ ಹೆಗಲಿಗೂ ಹಾಕಿಲ್ಲ.

ಭೌಗೋಳಿಕ ಹಿನ್ನೆಲೆ

ಯಾದಗಿರಿ ಜಿಲ್ಲೆ 2009ರ ಡಿಸೆಂಬರ್ 30ರಂದು ಅಂದಿನ ಗುಲ್ಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ರಾಜ್ಯದ 30ನೇ ಜಿಲ್ಲೆಯಾಯಿತು. ಮೂರು ತಾಲ್ಲೂಕುಗಳೊಂದಿಗೆ ಆರಂಭವಾದ ಜಿಲ್ಲೆಗೆ ಮುಂದೆ ಗುರುಮಠಕಲ್, ವಡಗೇರಾ ಮತ್ತು ಹುಣಸಗಿ ತಾಲ್ಲೂಕುಗಳು ಸೇರಿದವು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 11,74,271. ಐವರಲ್ಲಿ ನಾಲ್ವರು ಹಳ್ಳಿಗಳಲ್ಲಿದ್ದಾರೆ. ಅದೇ ಗಣತಿಯಲ್ಲಿ ಯಾದಗಿರಿ ನಗರದಲ್ಲಿ ಸುಮಾರು 74 ಸಾವಿರ, ಶಹಾಪುರದಲ್ಲಿ ಸುಮಾರು 53 ಸಾವಿರ, ಸುರಪುರದಲ್ಲಿ ಸುಮಾರು 51 ಸಾವಿರ ಜನರಿದ್ದರು. ಮೂರೂ ಊರು ಕೂಡಿದರೂ ಎರಡು ಲಕ್ಷ ಮುಟ್ಟುವುದಿಲ್ಲ. ನಗರ ಸಾರಿಗೆಗೆಂದು ಮೀಸಲಾದ ಕೇಂದ್ರ ಯೋಜನೆಗಳಿಂದ ಈ ವಲಯ ಹೊರಗುಳಿಯಲು ಇದೇ ಮುಖ್ಯ ಕಾರಣ. ನೀತಿ ಆಯೋಗವು 2018ರಲ್ಲಿ ಆರಂಭಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದದ್ದು ರಾಯಚೂರು ಮತ್ತು ಯಾದಗಿರಿ.

ಕೃಷ್ಣಾ ಮತ್ತು ಭೀಮಾ ನದಿಗಳು ಈ ನಾಡಿನ ದಾರಿಗಳನ್ನು ನಿರ್ಧರಿಸಿವೆ. ಯಾದಗಿರಿ ಭೀಮೆಯ ಪೂರ್ವಕ್ಕಿದೆ. ಅಲ್ಲಿಂದ ನದಿ ದಾಟಿ, ದೋರನಹಳ್ಳಿಯ ಮೇಲೆ ಸಾಗಿದರೆ ಶಹಾಪುರ. ಅಲ್ಲಿ ಮಲಗಿದ ಬುದ್ಧನ ಆಕಾರದ ಬೆಟ್ಟಸಾಲು ರಸ್ತೆಯಿಂದಲೇ ಕಾಣುತ್ತದೆ. ಶಹಾಪುರದಿಂದ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋದರೆ ಹತ್ತಿಗೂಡೂರು ಕ್ರಾಸ್ ಸಿಗುತ್ತದೆ. ದೇವದುರ್ಗ, ರಾಯಚೂರು ಕಡೆಯ ದಾರಿ ಅಲ್ಲಿ ಒಡೆಯುತ್ತದೆ. ಮುಂದೆ ಗುಡ್ಡಗಳ ನಡುವೆ ಸುರಪುರ, ಅದರಾಚೆ ತಿಂಥಣಿಯ ಬಳಿ ಕೃಷ್ಣೆಯ ಸೇತುವೆ. ಸುರಪುರದ ಪಶ್ಚಿಮಕ್ಕೆ ಹುಣಸಗಿ, ಕೊಡೇಕಲ್, ನಾರಾಯಣಪುರ ಇವೆ. 33 ಟಿಎಂಸಿ ಅಡಿ ನೀರು ಹಿಡಿಯುವ ನಾರಾಯಣಪುರದ ಬಸವಸಾಗರ ಜಲಾಶಯ ಕಾಲುವೆಗಳ ಮೂಲಕ ಈ ಸೀಮೆಯ ಬೆಳೆಯನ್ನೂ ಸಾಗಣೆಯನ್ನೂ ಬದಲಿಸಿತು. ಜೋಳ, ತೊಗರಿಯ ಹೊಲಗಳ ಪಕ್ಕದಲ್ಲೇ ಭತ್ತ, ಹತ್ತಿ ಹಬ್ಬಿದವು. ಸುಗ್ಗಿಯಲ್ಲಿ ಟ್ರ್ಯಾಕ್ಟರ್ ಮತ್ತು ಲಾರಿಗಳ ಸಂಚಾರ ಹೆಚ್ಚಿತು.

ಅದೇ ಜಲಾಶಯದಿಂದ ಮಳೆಗಾಲದಲ್ಲಿ ಭಾರಿ ನೀರು ಬಿಟ್ಟಾಗ ಕೊಳ್ಳೂರು ಮತ್ತು ಹೂವಿನಹೆಡಗಿ ನಡುವಿನ ಸೇತುವೆ ಮುಳುಗುತ್ತದೆ. ದೇವದುರ್ಗದ ಬಸ್ಸುಗಳು ಆಗ ಸುತ್ತಿಬಳಸಿ ಹೋಗಬೇಕು. ಕೃಷ್ಣೆಯ ನಡುವಿನ ನೀಲಕಂಠರಾಯನ ಗಡ್ಡಿಯ ಜನ ಪ್ರವಾಹ ಇಳಿಯುವವರೆಗೆ ಹೊರಜಗತ್ತಿನ ಸಂಪರ್ಕ ಕಳೆದುಕೊಳ್ಳುತ್ತಾರೆ. ಇಲ್ಲಿ ಯಾವ ಸಾರಿಗೆ ಯೋಜನೆ ರೂಪಿಸಿದರೂ ಸೇತುವೆಯ ಎತ್ತರದಿಂದಲೇ ಲೆಕ್ಕ ಆರಂಭಿಸಬೇಕು.

ಇತಿಹಾಸ

ಖಾತರಿಯ ರೈಲು: ಈ ಸೀಮೆಯ ಮೊದಲ ಸಾರ್ವಜನಿಕ–ಖಾಸಗಿ ಸಹಭಾಗಿತ್ವ ಹಳಿಯ ಮೇಲೆ ಬಂತು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಲಂಡನ್ನಿನಲ್ಲಿ ಷೇರು ಮಾರಿ ಬಂಡವಾಳ ಕೂಡಿಸಿದ ಖಾಸಗಿ ಕಂಪನಿ. 1849ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಅದು ಮಾಡಿಕೊಂಡ ಒಪ್ಪಂದದ ತಿರುಳು ಸರಳ. ಭೂಮಿಯನ್ನು ಸರ್ಕಾರ ಉಚಿತವಾಗಿ ಕೊಡಬೇಕು. ಹೂಡಿದ ಬಂಡವಾಳಕ್ಕೆ ವರ್ಷಕ್ಕೆ ಶೇ 5ರಷ್ಟು ಪ್ರತಿಫಲ ಬಾರದಿದ್ದರೆ ಕೊರತೆಯನ್ನು ಸರ್ಕಾರ ತುಂಬಿಕೊಡಬೇಕು. ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿ, ವಾಡಿ, ಯಾದಗಿರಿ ಹಾಯ್ದು ಬಂದ ಈ ಕಂಪನಿಯ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯ ಹಳಿಗೆ ಕೂಡಿತು. ಮದ್ರಾಸ್ ರೈಲ್ವೆಯೂ ಅಂಥದೇ ಖಾತರಿಯ ಕಂಪನಿ. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ನಿಜಾಮರ ರೈಲು ಮಾರ್ಗ ತೆರೆಯಿತು.

ಪ್ರತಿಫಲದ ಖಾತರಿ ಇದ್ದುದರಿಂದ ಮಿತವ್ಯಯದ ಒತ್ತಡ ಕಂಪನಿಗಳ ಮೇಲಿರಲಿಲ್ಲ. ನಷ್ಟದ ಭಾರ ಕಡೆಗೆ ತೆರಿಗೆದಾರರ ಮೇಲೆ ಬಿತ್ತು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯನ್ನು ಸರ್ಕಾರ 1900ರಲ್ಲಿ ಕೊಂಡಿತು, 1925ರಲ್ಲಿ ಆಡಳಿತವನ್ನೂ ವಹಿಸಿಕೊಂಡಿತು. ಹಳಿ ಮಾತ್ರ ಉಳಿಯಿತು, ಊರನ್ನೂ ಬೆಳೆಸಿತು. ಯಾದಗಿರಿ ಹತ್ತಿ, ಶೇಂಗಾ, ಬೇಳೆಕಾಳಿನ ಪೇಟೆಯಾಗಿ ಬೆಳೆದದ್ದು ರೈಲಿನ ಬಲದಿಂದ. ಸಂಸ್ಥಾನದ ರಾಜಧಾನಿಯಾಗಿದ್ದ ಸುರಪುರ ಹಳಿಯಿಂದ ದೂರ ಉಳಿಯಿತು.

ನಿಜಾಮರ ಕಾಲದ ಸಮಗ್ರ ಸಾರಿಗೆ: ನಿಜಾಮ ಸರ್ಕಾರ 1930ರಲ್ಲಿ ತನ್ನ ಸಂಸ್ಥಾನದ ರೈಲನ್ನು ಖಾಸಗಿ ಕಂಪನಿಯಿಂದ ಕೊಂಡುಕೊಂಡಿತು. ಎರಡು ವರ್ಷಗಳ ನಂತರ, 1932ರ ಜೂನ್‌ನಲ್ಲಿ, 27 ಬಸ್ಸು ಮತ್ತು 166 ಸಿಬ್ಬಂದಿಯೊಂದಿಗೆ ರೈಲ್ವೆಯ ಅಡಿಯಲ್ಲೇ ರಸ್ತೆ ಸಾರಿಗೆ ವಿಭಾಗ ಆರಂಭವಾಯಿತು. ಬಸ್ಸು ರೈಲಿಗೆ ಪೈಪೋಟಿ ಕೊಡುವ ಬದಲು ರೈಲಿಗೆ ಜನರನ್ನು ತಂದುಕೊಡಲಿ ಎಂಬುದು ಅದರ ಹಿಂದಿನ ಆಲೋಚನೆ. ರೈಲು ಮತ್ತು ಬಸ್ಸು ಒಂದೇ ಆಡಳಿತದಲ್ಲಿದ್ದ ಆ ಕಾಲ ಭಾರತದಲ್ಲಿ ಸಮಗ್ರ ಸಾರಿಗೆಯ ಮೊದಲ ಪ್ರಯೋಗಗಳಲ್ಲಿ ಒಂದು. ಅಂದಿನ ಗುಲ್ಬರ್ಗಾ ಜಿಲ್ಲೆ ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದುದರಿಂದ ಸರ್ಕಾರಿ ಬಸ್ಸಿನ ರೂಢಿ ಈ ಸೀಮೆಯಲ್ಲಿ ಮೈಸೂರಿಗಿಂತ ಮೊದಲೇ ಬೇರೂರಿತು.

ನಿಗಮಗಳ ಕಾಲ: 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಆಗಸ್ಟ್ 1ರಂದು ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ಸ್ಥಾಪನೆಯಾಯಿತು. ಅದೇ ಮುಂದೆ ಕೆಎಸ್‌ಆರ್‌ಟಿಸಿ ಆಯಿತು. 2000ದಲ್ಲಿ ಅದರಿಂದ ಬೇರ್ಪಟ್ಟ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ಕಲಬುರಗಿ ಕೇಂದ್ರವಾಯಿತು. 2021ರಲ್ಲಿ ಅದಕ್ಕೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಎಂದು ಮರುನಾಮಕರಣವಾಯಿತು. ಯಾದಗಿರಿಯಲ್ಲಿ ನಿಗಮದ ವಿಭಾಗೀಯ ಕಚೇರಿ ಇದೆ. ಯಾದಗಿರಿ, ಶಹಾಪುರ, ಸುರಪುರ ಮತ್ತು ಗುರುಮಠಕಲ್‌ನಲ್ಲಿ ಡಿಪೊಗಳಿವೆ.

ಖಾಸಗಿ ಬಸ್ಸಿನ ಚರಿತ್ರೆ ಬೇರೆ ದಿಕ್ಕಿನಲ್ಲಿ ನಡೆಯಿತು. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಪರವಾನಗಿ ಪಡೆದ ಖಾಸಗಿ ಬಸ್ಸುಗಳು ಊರಿಂದೂರಿಗೆ ಓಡುತ್ತ ಇಂದಿಗೂ ಸಾರಿಗೆಯ ಬೆನ್ನೆಲುಬಾಗಿವೆ. ಕಲ್ಯಾಣ ಕರ್ನಾಟಕದ ಈ ಭಾಗದಲ್ಲಿ ಅಂಥ ಉದ್ಯಮ ಬೆಳೆಯಲಿಲ್ಲ. ರಾಜ್ಯ ಸರ್ಕಾರ 1976ರಲ್ಲಿ ಕಾಯ್ದೆ ತಂದು ಗುತ್ತಿಗೆ ಬಸ್ಸುಗಳನ್ನೂ ಸ್ವಾಧೀನಕ್ಕೆ ತೆಗೆದುಕೊಂಡಿತು. ರಂಗನಾಥ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಎತ್ತಿಹಿಡಿಯಿತು. 2003ರಲ್ಲಿ ಕಾಯ್ದೆ ರದ್ದಾದ ಮೇಲೆ ರಾತ್ರಿಯ ದೂರದ ಸ್ಲೀಪರ್ ಬಸ್ಸುಗಳಿಗೆ ದಾರಿ ಸುಗಮವಾಯಿತು.

ಇಂದಿನ ವ್ಯವಸ್ಥೆ

ನಿಗಮದ ಬಸ್ಸು: ಮೂರು ಪಟ್ಟಣಗಳ ನಡುವಿನ ದಿನನಿತ್ಯದ ಓಡಾಟದ ಮುಖ್ಯ ಆಧಾರ ನಿಗಮದ ಬಸ್ಸು. ತಾಲ್ಲೂಕು ಕೇಂದ್ರದಿಂದ ಹಳ್ಳಿಗೆ ಸಂಜೆ ಹೋಗಿ, ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ ಮರಳುವ ವಸ್ತಿ ಬಸ್ಸು ಗ್ರಾಮೀಣ ಸೇವೆಯ ಜೀವಾಳ. ಕಾಲೇಜಿನ ಮಕ್ಕಳು, ಹಾಲು–ತರಕಾರಿ ಒಯ್ಯುವವರು, ಕೋರ್ಟು ಕಚೇರಿಗೆ ಹೊರಟವರು ಅದನ್ನೇ ನೆಚ್ಚಿಕೊಂಡಿರುತ್ತಾರೆ. ಅದು ತಪ್ಪಿದರೆ ಅವರ ಇಡೀ ದಿನ ತಪ್ಪುತ್ತದೆ. ಸಂಕ್ರಾಂತಿಯ ಮೈಲಾಪುರ ಜಾತ್ರೆಗೆ, ತಿಂಥಣಿ ಮೌನೇಶ್ವರ ಜಾತ್ರೆಗೆ ವಿಶೇಷ ಬಸ್ಸುಗಳು ಓಡುತ್ತವೆ.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಈ ಸೇವೆಯ ಆರ್ಥಿಕ ಲೆಕ್ಕವನ್ನೇ ಬದಲಿಸಿತು. ಕರ್ನಾಟಕದ ಮಹಿಳೆ ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಕೊಡುತ್ತಾರೆ. ಆಕೆ ಹಣ ಕೊಡುವುದಿಲ್ಲ, ಆದರೆ ಯಂತ್ರದಲ್ಲಿ ಆ ಪ್ರಯಾಣದ ದರ ದಾಖಲಾಗುತ್ತದೆ. ಅಂಥ ಟಿಕೆಟ್‌ಗಳ ಮೊತ್ತವನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು. ಸರ್ಕಾರದ ಪಾವತಿ ತಡವಾದರೆ ಡಿಪೊದ ಡೀಸೆಲ್ ಮತ್ತು ಬಿಡಿಭಾಗದ ಲೆಕ್ಕಕ್ಕೇ ಪೆಟ್ಟು. ಸುರಪುರದ ಹಳ್ಳಿಯ ಕೂಲಿ ಮಹಿಳೆ ಯಾದಗಿರಿಯ ಜಿಲ್ಲಾ ಆಸ್ಪತ್ರೆಗೆ ಹೋಗಲು ಈಗ ಬಸ್ ಚಾರ್ಜಿನ ಲೆಕ್ಕ ಹಾಕಬೇಕಿಲ್ಲ. ಸಾರಿಗೆಯ ಯಾವ ಸುಧಾರಣೆಯೂ ಇಷ್ಟು ಬೇಗ ಇಷ್ಟು ಮನೆಗಳನ್ನು ಮುಟ್ಟಿದ್ದಿಲ್ಲ. ಬಸ್ಸುಗಳ ಸಂಖ್ಯೆ ಅದೇ ವೇಗದಲ್ಲಿ ಏರದ ಕಡೆ ನೂಕುನುಗ್ಗಲು ಹೆಚ್ಚಿತು. ಶಾಲಾ ಮಕ್ಕಳು ಬಾಗಿಲಲ್ಲಿ ಜೋತುಬೀಳುವ ಸ್ಥಿತಿ ಸುರಕ್ಷತೆಯ ದೊಡ್ಡ ಪ್ರಶ್ನೆ.

ನಿಗಮದ ಒಳಗೂ ಸಣ್ಣ ಪ್ರಮಾಣದ ಸಹಭಾಗಿತ್ವ ದಿನವೂ ಕಾಣುತ್ತದೆ. ಬಸ್ ನಿಲ್ದಾಣದ ಅಂಗಡಿ, ಕ್ಯಾಂಟೀನು, ಬೈಕ್ ಪಾರ್ಕಿಂಗ್, ಶೌಚಾಲಯಗಳನ್ನು ಟೆಂಡರ್ ಕರೆದು ಖಾಸಗಿಯವರಿಗೆ ವಹಿಸುವುದು ರೂಢಿ. 2021ರ ಫೆಬ್ರುವರಿಯಲ್ಲಿ ಆರಂಭವಾದ ‘ನಮ್ಮ ಕಾರ್ಗೋ’ ಪಾರ್ಸೆಲ್ ಸೇವೆಯೂ ಖಾಸಗಿ ಸಹಯೋಗದ್ದು. ಓಡುವ ಬಸ್ಸಿನ ಡಿಕ್ಕಿಯಲ್ಲಿ ಖಾಲಿ ಉಳಿಯುತ್ತಿದ್ದ ಜಾಗ ಅದರಿಂದ ಆದಾಯದ ಮೂಲವಾಯಿತು.

ಟಂಟಂ, ಕ್ರೂಸರ್, ಆಟೊ: ಬಸ್ಸು ಇಲ್ಲದ ಹೊತ್ತು, ಬಸ್ಸು ಹೋಗದ ಊರು, ಇವೆರಡೂ ಖಾಸಗಿ ವಾಹನಗಳ ಪಾಲು. ಮೂರು ಗಾಲಿಯ ಟಂಟಂಗಳು ಕ್ರಾಸಿನಿಂದ ಹಳ್ಳಿಗೆ, ಸಂತೆಯಿಂದ ತಾಂಡಾಕ್ಕೆ ಜನರನ್ನು ಒಯ್ಯುತ್ತವೆ. ಕ್ರೂಸರ್ ಜೀಪುಗಳು ಪಟ್ಟಣದಿಂದ ಪಟ್ಟಣಕ್ಕೆ ಓಡುತ್ತವೆ. ಗಾಡಿ ತುಂಬಿದ ಮೇಲೆ ಹೊರಡುವುದು ಇವುಗಳ ನಿಯಮ. ಹೀಗಾಗಿ ವೇಳಾಪಟ್ಟಿ ಇಲ್ಲ. ಬಹುಪಾಲು ವಾಹನಗಳಿಗೆ ಬಸ್ಸಿನಂತೆ ಸೀಟಿಗೆ ಇಷ್ಟೆಂದು ಜನರನ್ನು ಹತ್ತಿಸಿಕೊಂಡು ಹೋಗುವ ಪರವಾನಗಿಯೂ ಇಲ್ಲ. ಅಪಘಾತವಾದಾಗ ವಿಮೆಯ ಪರಿಹಾರ ಪಡೆಯುವುದು ಪ್ರಯಾಣಿಕನಿಗೆ ಕಷ್ಟವಾಗುತ್ತದೆ. ಹತ್ತಿ ಬಿಡಿಸುವ ಕಾಲದಲ್ಲಿ ಕೂಲಿಯಾಳುಗಳನ್ನು ಮಿತಿಮೀರಿ ತುಂಬಿಕೊಂಡು ಹೋಗುವ ಗಾಡಿಗಳು ಈ ಸೀಮೆಯ ರಸ್ತೆಗಳ ದೊಡ್ಡ ಆತಂಕ. ಆದರೂ ಸಾಲ ಮಾಡಿ ಗಾಡಿ ಕೊಂಡು, ಸರ್ಕಾರದ ಒಂದು ಪೈಸೆ ಸಹಾಯಧನವಿಲ್ಲದೆ, ಬಸ್ಸು ಬಿಟ್ಟುಹೋದ ಕೊನೆಯ ನಾಲ್ಕಾರು ಕಿಲೋಮೀಟರ್ ತುಂಬುತ್ತಿರುವವರು ಈ ಚಾಲಕರೇ. ಶಕ್ತಿ ಯೋಜನೆಯ ನಂತರ ಮಹಿಳಾ ಪ್ರಯಾಣಿಕರು ಬಸ್ಸಿನತ್ತ ತಿರುಗಿದಾಗ ಮೊದಲ ಪೆಟ್ಟು ಬಿದ್ದದ್ದೂ ಇವರ ದುಡಿಮೆಗೆ. ಇವರನ್ನು ವ್ಯವಸ್ಥೆಯ ಒಳಗೆ ತರದೆ ಇಲ್ಲಿ ಸಮಗ್ರ ಸಾರಿಗೆ ಎಂಬ ಮಾತು ಪೂರ್ಣವಾಗುವುದಿಲ್ಲ.

ಗುಳೆಯ ಪ್ರಯಾಣ: ಬೆಂಗಳೂರು, ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಕೂಲಿ ಅರಸಿ ಹೋಗುವ ಗುಳೆ ಈ ವಲಯದ ಸಾರಿಗೆಯ ದೊಡ್ಡ ಬೇಡಿಕೆ. ಸುರಪುರ, ಹುಣಸಗಿ ಕಡೆಯವರು ರಾತ್ರಿಯ ಬಸ್ಸು ಹಿಡಿಯುತ್ತಾರೆ, ಇಲ್ಲವೇ ಯಾದಗಿರಿಗೆ ಬಂದು ರೈಲು ಹತ್ತುತ್ತಾರೆ. ಗಂಟುಮೂಟೆ, ಮಕ್ಕಳು, ಸಲಿಕೆ–ಪುಟ್ಟಿಯೊಂದಿಗೆ ಹೊರಡುವ ಕುಟುಂಬಕ್ಕೆ ಮುಂಬಯಿ–ಬೆಂಗಳೂರು ನಡುವಿನ ಉದ್ಯಾನ್ ಎಕ್ಸ್‌ಪ್ರೆಸ್‌ನಂಥ ರೈಲಿನ ಸಾಮಾನ್ಯ ಬೋಗಿಯೇ ಗತಿ. ಹಳ್ಳಿಯಿಂದ ಟಂಟಂ, ತಾಲ್ಲೂಕಿನಿಂದ ಬಸ್ಸು, ಯಾದಗಿರಿ ಬಸ್ ನಿಲ್ದಾಣದಿಂದ ಆಟೊ, ಕಡೆಗೆ ರೈಲು: ಒಂದು ಪ್ರಯಾಣಕ್ಕೆ ನಾಲ್ಕು ವಾಹನ, ನಾಲ್ಕು ದರ. ಒಂದು ಕೊಂಡಿ ತಪ್ಪಿದರೂ ರೈಲು ತಪ್ಪುತ್ತದೆ, ನಿಲ್ದಾಣದಲ್ಲೇ ರಾತ್ರಿ ಕಳೆಯಬೇಕಾಗುತ್ತದೆ.

ಒಪ್ಪಂದದ ಬಗೆಗಳು

ಟೋಲ್ ಮಾದರಿ: ಖಾಸಗಿ ಕಂಪನಿ ರಸ್ತೆ ಕಟ್ಟಿ, ನಿಗದಿತ ವರ್ಷ ಸುಂಕ ವಸೂಲಿ ಮಾಡಿ, ಕಡೆಗೆ ಸರ್ಕಾರಕ್ಕೆ ಮರಳಿಸುವುದು ಹಳೆಯ ಮಾದರಿ. ಸುಂಕದಿಂದ ಹಾಕಿದ ಹಣ ಹುಟ್ಟದ ಕಡೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಕೊರತೆ ತುಂಬುವ ಅನುದಾನ ಕೊಡುತ್ತವೆ. ನೆರೆಯ ಕಲಬುರಗಿ ಜಿಲ್ಲೆಯಲ್ಲಿ ಆಳಂದ, ಮಳಖೇಡ, ಸೇಡಂ ಮಾರ್ಗವಾಗಿ ಸಾಗುವ ವಾಗ್ದರಿ–ರಿಬ್ಬನಪಲ್ಲಿ ರಾಜ್ಯ ಹೆದ್ದಾರಿಯನ್ನು ಈ ಬಗೆಯಲ್ಲಿ ಕರ್ನಾಟಕ ರಸ್ತೆ ಅಭಿವೃದ್ಧಿ ನಿಗಮದ ಮೂಲಕ ಅಭಿವೃದ್ಧಿಪಡಿಸಲಾಯಿತು. ಸಿಮೆಂಟ್ ಕಾರ್ಖಾನೆಗಳ ಲಾರಿ ಸಂಚಾರ ದಟ್ಟವಾಗಿರುವ ಆ ದಾರಿಗೆ ಮಾದರಿ ಒಗ್ಗುತ್ತದೆ. ಸುರಪುರದಿಂದ ಕೆಂಭಾವಿಗೆ, ಹುಣಸಗಿಗೆ ಹೋಗುವಂಥ ದಾರಿಗಳಲ್ಲಿ ಸುಂಕ ನೆಚ್ಚಿ ಹಣ ಹೂಡುವವರು ಸಿಗುವುದು ಕಷ್ಟ.

ಹೈಬ್ರಿಡ್ ಆನ್ಯುಟಿ ಮಾದರಿ: 2016ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಈ ಮಾದರಿಯಲ್ಲಿ ವಾಹನ ಸಂಚಾರದ ಏರಿಳಿತದ ಹೊಣೆ ಕಂಪನಿಯ ಮೇಲಿರುವುದಿಲ್ಲ. ಯೋಜನೆಗೆ 100 ರೂಪಾಯಿ ಖರ್ಚು ಎಂದಿಟ್ಟುಕೊಂಡರೆ, ಕೆಲಸ ನಡೆಯುತ್ತಿರುವಾಗಲೇ ಹೆದ್ದಾರಿ ಪ್ರಾಧಿಕಾರ 40 ರೂಪಾಯಿಯನ್ನು ಕಂತುಗಳಲ್ಲಿ ಕೊಡುತ್ತದೆ. ಉಳಿದ 60ನ್ನು ಕಂಪನಿ ಸ್ವಂತ ಬಂಡವಾಳ ಮತ್ತು ಬ್ಯಾಂಕ್ ಸಾಲದಿಂದ ಹೊಂದಿಸುತ್ತದೆ. ರಸ್ತೆ ಮುಗಿದ ಮೇಲೆ ಆ ಮೊತ್ತವನ್ನು ಸುಮಾರು 15 ವರ್ಷಗಳ ಕಾಲ ಆರು ತಿಂಗಳಿಗೊಮ್ಮೆ ಬಡ್ಡಿಸಹಿತ ಪಾವತಿಸಲಾಗುತ್ತದೆ. ನಿರ್ವಹಣೆಯ ಖರ್ಚು ಬೇರೆ. ಸುಂಕ ಪ್ರಾಧಿಕಾರದ್ದು. ರಸ್ತೆಯನ್ನು ಹೊತ್ತಿಗೆ ಮುಗಿಸುವ ಮತ್ತು ಕೆಡದಂತೆ ನೋಡಿಕೊಳ್ಳುವ ಹೊಣೆ ಕಂಪನಿಯದು. ಖಾತರಿಯ ರೈಲಿಗೂ ಇದಕ್ಕೂ ಹೋಲಿಕೆ ಇದೆ, ಮುಖ್ಯ ವ್ಯತ್ಯಾಸವೂ ಇದೆ. ಅಲ್ಲಿ ಎಷ್ಟು ಖರ್ಚು ಮಾಡಿದರೂ ಖಾತರಿ ಇತ್ತು. ಇಲ್ಲಿ ಮೊತ್ತ ಟೆಂಡರಿನಲ್ಲೇ ನಿಗದಿಯಾಗುತ್ತದೆ.

ಸೂರತ್–ಚೆನ್ನೈ ಆರ್ಥಿಕ ಕಾರಿಡಾರಿನ ಭಾಗವಾದ ರಾಷ್ಟ್ರೀಯ ಹೆದ್ದಾರಿ 150ಸಿ ಯಾದಗಿರಿ ಜಿಲ್ಲೆಯನ್ನು ಹಾಯುತ್ತದೆ. ಅಕ್ಕಲಕೋಟೆಯಿಂದ ತೆಲಂಗಾಣ ಗಡಿವರೆಗಿನ ಅದರ ಆರು ಪಥದ ಕಾಮಗಾರಿಗಳು ಈ ಮಾದರಿಯವು. 2023ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಹುಣಸಗಿ ತಾಲ್ಲೂಕಿನ ಕೊಡೇಕಲ್‌ನಲ್ಲಿ ಇದರ ಒಂದು ಭಾಗಕ್ಕೆ ಶಂಕುಸ್ಥಾಪನೆ ಮಾಡಿದರು. ಇದು ಪ್ರವೇಶ ನಿಯಂತ್ರಿತ ಹೆದ್ದಾರಿ; ಗೊತ್ತುಪಡಿಸಿದ ಕಡೆ ಮಾತ್ರ ಏರಬಹುದು, ಇಳಿಯಬಹುದು. ದೂರದ ಲಾರಿಗೆ ಅದರಿಂದ ಲಾಭ ನೇರ. ಹಳ್ಳಿಯ ಬಸ್ಸಿಗೆ, ಎತ್ತಿನ ಗಾಡಿಗೆ, ರಸ್ತೆಯ ಆಚೆ ಹೊಲವಿರುವ ರೈತನಿಗೆ ಬೇಕಾದದ್ದು ಕೆಳಸೇತುವೆ ಮತ್ತು ಪಕ್ಕದ ರಸ್ತೆ. ಅವು ಎಲ್ಲೆಲ್ಲಿ ಬರುತ್ತವೆ ಎಂಬುದರ ಮೇಲೆ ಈ ಹೆದ್ದಾರಿ ಜಿಲ್ಲೆಯ ಜನರಿಗೆ ಎಷ್ಟು ದಕ್ಕುತ್ತದೆ ಎಂಬುದು ನಿಂತಿದೆ.

ವೆಚ್ಚ ಹಂಚಿಕೆಯ ರೈಲು: ಗದಗ–ವಾಡಿ ಹೊಸ ರೈಲು ಮಾರ್ಗ 2013–14ರಲ್ಲಿ ಮಂಜೂರಾಯಿತು. ಸುಮಾರು 257 ಕಿ.ಮೀ. ಉದ್ದದ ಈ ಮಾರ್ಗ ಕುಕನೂರು, ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು, ಸುರಪುರ, ಶಹಾಪುರ ಮೂಲಕ ವಾಡಿ ತಲುಪಬೇಕು. ಭೂಮಿಯನ್ನು ರಾಜ್ಯ ಉಚಿತವಾಗಿ ಕೊಟ್ಟು, ನಿರ್ಮಾಣ ವೆಚ್ಚದ ಅರ್ಧ ಭಾಗವನ್ನೂ ಭರಿಸುತ್ತದೆ. 2025ರ ಮೇ ತಿಂಗಳಲ್ಲಿ ಗದಗ ಕಡೆಯಿಂದ ಕುಷ್ಟಗಿಯವರೆಗೆ ರೈಲು ಓಡಲಾರಂಭಿಸಿತು. ಆಲಮಟ್ಟಿ–ಯಾದಗಿರಿ ಮಾರ್ಗ ಈ ಭಾಗದ ಇನ್ನೊಂದು ದೀರ್ಘಕಾಲದ ಬೇಡಿಕೆ. ಗದಗ–ವಾಡಿ ಒಪ್ಪಂದದಲ್ಲಿ ಪಾಲುದಾರರು ಎರಡು ಸರ್ಕಾರಗಳು. ಖಾಸಗಿಯವರು ಕಾಮಗಾರಿಯ ಗುತ್ತಿಗೆದಾರರಷ್ಟೆ.

ಕೈಕೊಟ್ಟ ಒಪ್ಪಂದ: ಈ ವಲಯಕ್ಕೆ ಹತ್ತಿರದ ವಿಮಾನ ನಿಲ್ದಾಣ ಕಲಬುರಗಿಯದು. 2008ರಲ್ಲಿ ಶಂಕುಸ್ಥಾಪನೆಯಾದಾಗ ಅದನ್ನು ಕಟ್ಟಿ ನಡೆಸುವ ಹೊಣೆ ಖಾಸಗಿ ಸಂಸ್ಥೆಯದಾಗಿತ್ತು. ಕೆಲಸ ಕುಂಟಿ, ಒಪ್ಪಂದ ರದ್ದಾಗಿ, ಲೋಕೋಪಯೋಗಿ ಇಲಾಖೆಯೇ ಅದನ್ನು ಪೂರೈಸಬೇಕಾಯಿತು. 2019ರ ನವೆಂಬರ್ 22ರಂದು ನಿಲ್ದಾಣ ಉದ್ಘಾಟನೆಯಾಯಿತು. ಅದನ್ನು ನಡೆಸುವುದು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ. ಕಡಿಮೆ ಆದಾಯದ ಪ್ರದೇಶದಲ್ಲಿ ಬೇಡಿಕೆಯ ಅನಿಶ್ಚಿತತೆಯನ್ನೆಲ್ಲ ಖಾಸಗಿಯವರ ತಲೆಗೆ ಕಟ್ಟಿದರೆ ಕೆಲಸ ನಡುವೆ ನಿಲ್ಲುವ ಅಪಾಯ ಎಷ್ಟೆಂಬುದಕ್ಕೆ ಇದು ಕಲ್ಯಾಣ ಕರ್ನಾಟಕದ ಸ್ವಂತ ಉದಾಹರಣೆ.

108 ಆಂಬುಲೆನ್ಸ್: ಈ ವಲಯದ ಹಳ್ಳಿಗಳು ಚೆನ್ನಾಗಿ ಬಲ್ಲ ಸಹಭಾಗಿತ್ವ ಇದು. 2008ರ ನವೆಂಬರ್ 1ರಂದು ಕರ್ನಾಟಕ ಸರ್ಕಾರ ಇಎಂಆರ್‌ಐ ಸಂಸ್ಥೆಯೊಂದಿಗೆ ‘ಆರೋಗ್ಯ ಕವಚ’ವನ್ನು ಆರಂಭಿಸಿತು. ಆ ಒಪ್ಪಂದದಂತೆ ವಾಹನ ಮತ್ತು ಹಣ ಸರ್ಕಾರದ್ದಾಗಿತ್ತು. ಕರೆ ಕೇಂದ್ರ, ಚಾಲಕ, ತುರ್ತು ಚಿಕಿತ್ಸಾ ಸಿಬ್ಬಂದಿ ಸಂಸ್ಥೆಯ ಕೆಲಸವಾಗಿತ್ತು. ರಾತ್ರಿ ಹೆರಿಗೆ ನೋವು ಕಾಣಿಸಿದಾಗ ಮನೆಯವರು ಮೂರು ಅಂಕಿ ಒತ್ತಿದರೆ ಕೇಂದ್ರವು ಹತ್ತಿರದ ವಾಹನವನ್ನು ಗುರುತಿಸಿ ಕಳಿಸುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ಯಾದಗಿರಿಗೆ, ಅಲ್ಲಿಂದ ಕಲಬುರಗಿಗೆ ಸಾಗಿಸುವ ವ್ಯವಸ್ಥೆಯೂ ಅದರೊಳಗೇ ಇದೆ. ಸಿಬ್ಬಂದಿಯ ವೇತನ ಬಾಕಿ, ವಾಹನಗಳ ದುರಸ್ತಿ ಕುರಿತ ದೂರುಗಳು ರಾಜ್ಯದಾದ್ಯಂತ ಆಗಾಗ ಎದ್ದಿವೆ. ಆದರೂ ಒಂದೇ ಸಂಖ್ಯೆ, ಒಂದೇ ನಿಯಂತ್ರಣ ಕೊಠಡಿ, ವಾಹನ ತಲುಪುವ ಹೊತ್ತಿಗೆ ಉತ್ತರದಾಯಿಯಾದ ಒಬ್ಬ ನಿರ್ವಾಹಕ ಎಂಬ ಮೂರೂ ಲಕ್ಷಣಗಳು ಕೂಡಿರುವ ಸಾರಿಗೆ ಸೇವೆ ಜಿಲ್ಲೆಯಲ್ಲಿ ಇದೊಂದೇ.

ಸರಕು ಸಾಗಣೆ

ಹತ್ತಿ, ಭತ್ತ, ತೊಗರಿ, ಹೆಸರು ಇಲ್ಲಿಂದ ಹೊರಹೋಗುವ ಮುಖ್ಯ ಸರಕು. ಶಹಾಪುರದ ಸುತ್ತ ಹತ್ತಿ ಜಿನ್ನಿಂಗ್ ಮಿಲ್ಲುಗಳಿವೆ. ಸಾಗಣೆ ಬಹುಪಾಲು ಖಾಸಗಿ ಲಾರಿಗಳದು. ಯಾದಗಿರಿ ತಾಲ್ಲೂಕಿನ ಕಡೇಚೂರು–ಬಾಡಿಯಾಳದಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ದೊಡ್ಡ ಕೈಗಾರಿಕಾ ಪ್ರದೇಶ ರೂಪಿಸಿದೆ. ರೈಲ್ವೆಯ ಬೋಗಿ ಚೌಕಟ್ಟಿನ ಕಾರ್ಖಾನೆ ಮತ್ತು ಹಲವು ಔಷಧ ತಯಾರಿಕಾ ಘಟಕಗಳು ಅಲ್ಲಿವೆ. ಕಲಬುರಗಿಯಿಂದ ವಾಡಿ, ಯಾದಗಿರಿ ಮೂಲಕ ಕೃಷ್ಣಾ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 150 ಮತ್ತು ರೈಲು ಮಾರ್ಗ ಎರಡೂ ಈ ಭಾಗಕ್ಕೆ ಸಮೀಪದಲ್ಲಿವೆ. ಕಾರ್ಮಿಕರ ಪಾಳಿ ಬದಲಾವಣೆಗೆ ಹೊಂದುವ ಬಸ್ ಸೇವೆಯನ್ನು ಕಾರ್ಖಾನೆಗಳ ಪಾಲು ಹಣದಿಂದ ನಡೆಸಲು ಇಲ್ಲಿ ಅವಕಾಶವಿದೆ.

ಸಂಯೋಜನೆಯ ಕೊರತೆ

ಹಳಿ ರೈಲ್ವೆಯದು, ಬಸ್ಸು ನಿಗಮದ್ದು, ಹೆದ್ದಾರಿ ಕೇಂದ್ರದ್ದು, ಊರೊಳಗಿನ ರಸ್ತೆ ನಗರಸಭೆಯದು, ಆಟೊ–ಟಂಟಂ ಪರವಾನಗಿ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ್ದು. ಇವರೆಲ್ಲರ ವೇಳೆ, ದರ ಮತ್ತು ನಿಲುಗಡೆಯನ್ನು ಹೊಂದಿಸುವ ಅಧಿಕಾರ ಒಂದೆಡೆ ಇಲ್ಲ. ರಾಜ್ಯ ಸರ್ಕಾರ 2007ರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯವನ್ನು ಸ್ಥಾಪಿಸಿತು. ಮೈಸೂರು, ಹುಬ್ಬಳ್ಳಿ–ಧಾರವಾಡದಂಥ ದೊಡ್ಡ ನಗರಗಳಿಗೆ ಅದರ ಕೆಲಸದ ಫಲ ಸಿಕ್ಕಿತು. ಖಾಸಗಿ ಸಹಭಾಗಿತ್ವದಲ್ಲಿ ವಿದ್ಯುತ್ ಬಸ್ಸು ಒದಗಿಸುವ 2023ರ ಪಿಎಂ ಇ–ಬಸ್ ಸೇವಾ ಯೋಜನೆ ಮುಖ್ಯವಾಗಿ ಮೂರು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಸೀಮಿತ. ಆ ಯೋಜನೆಯಲ್ಲಿ ಬಸ್ಸು ಮತ್ತು ಚಾಲಕ ಖಾಸಗಿಯವರದು. ಓಡಿದ ಕಿಲೋಮೀಟರಿಗೆ ಇಷ್ಟೆಂದು ಅವರಿಗೆ ಹಣ ಸಲ್ಲುತ್ತದೆ. ಮಾರ್ಗ, ವೇಳೆ, ದರ ಸರ್ಕಾರದ ಕೈಯಲ್ಲಿರುತ್ತವೆ. ಪ್ರಯಾಣಿಕರಿಗಾಗಿ ಪೈಪೋಟಿಯ ಓಟ ಇರುವುದಿಲ್ಲ, ಗಾಡಿ ತುಂಬುವವರೆಗೆ ಕಾಯುವುದೂ ಇರುವುದಿಲ್ಲ. ದೊಡ್ಡ ನಗರಕ್ಕೆಂದು ರೂಪಿಸಿದ ಈ ಒಪ್ಪಂದದ ಗುಣ ಸಣ್ಣ ಪಟ್ಟಣಗಳಿಗೇ ಹೆಚ್ಚು ಅಗತ್ಯ.

ಮಾಲೀಕರು ಬೇರೆ ಬೇರೆಯಾದರೂ ಸಂಯೋಜನೆ ಸಾಧ್ಯ ಎಂದು ಹೊರಗಿನ ಅನುಭವ ಹೇಳುತ್ತದೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1965ರಲ್ಲಿ ಬೇರೆ ಬೇರೆ ಮಾಲೀಕತ್ವದ ರೈಲು, ಬಸ್ಸು, ದೋಣಿ ಸಂಸ್ಥೆಗಳು ಒಂದೇ ಟಿಕೆಟ್, ಒಂದೇ ವೇಳಾಪಟ್ಟಿಗೆ ಒಪ್ಪಿಕೊಂಡು ಸಾರಿಗೆ ಒಕ್ಕೂಟ ಕಟ್ಟಿದವು. ಮಾಲೀಕತ್ವ ಅವರವರಲ್ಲೇ ಉಳಿಯಿತು. ಸ್ವಿಟ್ಜರ್ಲೆಂಡ್ 1982ರಿಂದ ರೈಲುಗಳನ್ನು ಗಂಟೆಗೊಮ್ಮೆ ನಿಗದಿತ ನಿಮಿಷಕ್ಕೆ ಓಡಿಸುವ ಪದ್ಧತಿ ಅಳವಡಿಸಿಕೊಂಡು, ಹಳ್ಳಿಗಳ ಅಂಚೆ ಬಸ್ಸನ್ನು ಆ ಹೊತ್ತಿಗೆ ಹೊಂದಿಸಿತು. ಕರ್ನಾಟಕದಲ್ಲೇ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ 1991ರಿಂದ ಕಾರ್ಮಿಕರೇ ಮಾಲೀಕರಾಗಿ ಸಹಕಾರ ಸಾರಿಗೆ ನಡೆಸಿದರು. ಮಲೆನಾಡಿನ ಹಳ್ಳಿಗಳಿಗೆ ಸುಮಾರು ಮೂರು ದಶಕ ಬಸ್ಸು ಓಡಿಸಿದ ಆ ಸಂಘ 2020ರಲ್ಲಿ ಸೇವೆ ನಿಲ್ಲಿಸಿತು. ಸಣ್ಣ ಮಾಲೀಕರು ಸಂಘಟಿತರಾಗಿ ಶಿಸ್ತಿನ ಸೇವೆ ಕೊಡಬಲ್ಲರು, ಆದರೆ ಸರ್ಕಾರದ ಒತ್ತಾಸೆ ಇಲ್ಲದೆ ಬಹುಕಾಲ ಬಾಳುವುದು ಕಷ್ಟ ಎಂಬ ಎರಡೂ ಪಾಠ ಅದರಲ್ಲಿವೆ.

ಮುಂದಿನ ಸಾಧ್ಯತೆಗಳು

ಮೂರು ಪಟ್ಟಣಗಳನ್ನು ಒಂದೇ ಸಾರಿಗೆ ವಲಯವೆಂದು ಪರಿಗಣಿಸಿದರೆ ಹಲವು ಕೆಲಸಗಳು ದೊಡ್ಡ ಬಂಡವಾಳವಿಲ್ಲದೆ ಆಗುತ್ತವೆ. ಸುರಪುರ–ಶಹಾಪುರ–ಯಾದಗಿರಿ ನಡುವೆ ರೈಲಿನ ವೇಳೆಗೆ ಹೊಂದುವ, ರೈಲು ನಿಲ್ದಾಣದ ಅಂಗಳದವರೆಗೂ ಬರುವ ಬಸ್ಸು ಅವುಗಳಲ್ಲಿ ಮೊದಲನೆಯದು. ಅಮೃತ್ ಭಾರತ್ ಯೋಜನೆಯಲ್ಲಿ ಸೇರಿರುವ ಯಾದಗಿರಿ ರೈಲು ನಿಲ್ದಾಣದ ಅಭಿವೃದ್ಧಿಯಲ್ಲಿ ಬಸ್ಸಿನ ತಂಗುದಾಣಕ್ಕೆ ಜಾಗ ಮೀಸಲಿಟ್ಟರೆ ಇದು ಸಾಧ್ಯ.

ಎರಡನೆಯದು ಟಂಟಂ ಮತ್ತು ಕ್ರೂಸರ್ ಚಾಲಕರಿಗೆ ಕಾನೂನಿನ ನೆಲೆ. ವಸ್ತಿ ಬಸ್ಸು ಬಂದುಹೋದ ನಂತರದ ಹೊತ್ತಿಗೆ, ಕ್ರಾಸಿನಿಂದ ಹಳ್ಳಿಗೆ, ನಿಗದಿತ ಮಾರ್ಗ ಮತ್ತು ಮಿತ ಸೀಟಿನ ಪರವಾನಗಿ ಕೊಟ್ಟು, ವಿಮೆ ಕಡ್ಡಾಯ ಮಾಡಿ, ಕಿಲೋಮೀಟರ್ ಲೆಕ್ಕದಲ್ಲಿ ಹಣ ಕೊಡಬಹುದು. ಶೂನ್ಯ ಟಿಕೆಟ್ ಅಂಥ ವಾಹನಕ್ಕೂ ಅನ್ವಯವಾದರೆ ಬಸ್ಸಿಲ್ಲದ ತಾಂಡಾದ ಮಹಿಳೆಗೂ ಶಕ್ತಿ ಯೋಜನೆಯ ಫಲ ಮುಟ್ಟುತ್ತದೆ, ಚಾಲಕನ ದುಡಿಮೆಯೂ ಉಳಿಯುತ್ತದೆ. ಸಂವಿಧಾನದ 371(ಜೆ) ವಿಧಿಯ ಹಿನ್ನೆಲೆಯಲ್ಲಿ ಪ್ರದೇಶದ ಅಭಿವೃದ್ಧಿಗೆ ಹಣ ಹಂಚುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದಕ್ಕೆ ಮೂಲ ನಿಧಿ ಒದಗಿಸಬಲ್ಲದು.

ಮೂರನೆಯದು ಪ್ರವಾಹದ ವೇಳಾಪಟ್ಟಿ. ಬಸವಸಾಗರದಿಂದ ಎಷ್ಟು ನೀರು ಬಿಟ್ಟಾಗ ಯಾವ ಸೇತುವೆ ಮುಚ್ಚುತ್ತದೆ ಎಂಬುದು ಸ್ಥಳೀಯ ಆಡಳಿತಕ್ಕೆ ಅನುಭವದಿಂದ ಗೊತ್ತು. ಬದಲಿ ಮಾರ್ಗ ಮತ್ತು ವೇಳೆಯನ್ನು ಮೊದಲೇ ಪ್ರಕಟಿಸಿಟ್ಟರೆ ನದಿದಂಡೆಯ ವಿದ್ಯಾರ್ಥಿಗಳು, ರೋಗಿಗಳು ಕ್ರಾಸಿನಲ್ಲಿ ಕಾದು ನಿಲ್ಲುವುದು ತಪ್ಪುತ್ತದೆ.

ಗದಗ–ವಾಡಿ ರೈಲು ಸುರಪುರ, ಶಹಾಪುರ ತಲುಪಿದ ದಿನ ಈ ವಲಯದ ಸಾರಿಗೆ ನಕ್ಷೆ ಬದಲಾಗುತ್ತದೆ. ಹೊಸ ನಿಲ್ದಾಣದಿಂದ ಊರಿಗೆ, ಊರಿನಿಂದ ಹಳ್ಳಿಗೆ ಯಾರು, ಯಾವ ಹೊತ್ತಿಗೆ, ಯಾವ ದರಕ್ಕೆ ವಾಹನ ಓಡಿಸಬೇಕು ಎಂಬುದು ನಿಲ್ದಾಣದ ನಕ್ಷೆ ಅಂತಿಮವಾಗುವ ಮೊದಲೇ ತೀರ್ಮಾನವಾಗಬೇಕು. ರೈಲ್ವೆ, ನಿಗಮ, ನಗರಸಭೆ ಮತ್ತು ಚಾಲಕರ ಸಂಘಗಳು ಕೂಡಿ ಸಹಿ ಹಾಕುವ ಒಂದು ಒಪ್ಪಂದ ಅದಕ್ಕೆ ಸಾಕು. ಅದರಲ್ಲಿ ಬೇಡಿಕೆ ಕುಸಿದಾಗಿನ ನಷ್ಟವನ್ನು ಸರ್ಕಾರ ಹೊರಬೇಕು, ಹೊತ್ತಿಗೆ ಸರಿಯಾಗಿ ಗಾಡಿ ಓಡಿಸುವ ಹೊಣೆಯನ್ನು ಓಡಿಸುವವರು ಹೊರಬೇಕು. ಹೀಗಾದರೆ ಯಾದಗಿರಿ ಜಿಲ್ಲೆ ರಾಜ್ಯದ ಉಳಿದ ಸಣ್ಣ ಪಟ್ಟಣಗಳಿಗೂ ಬಳಸಬಹುದಾದ ಮಾದರಿಯೊಂದನ್ನು ಕೊಟ್ಟಂತಾಗುತ್ತದೆ.